ಬಿಂದಾಚಾರ್ ಮಾಸ್ತರ್ರು ತಪ್ಪಿದ್ದು

ಬಿಂದಾಚಾರ್ ಮಾಸ್ತರ್ರು ನಕ್ಕರಂದ್ರ ಅವರು ತಪ್ಪ್ಯಾರ ಅಂತ ತಿಳೀಬೇಕು. ಈ ಮಾತು ನನಗ ಗೊತ್ತಿತ್ತು, ಹಾರ್ಮೋನಿಯಂ ನುಡಸೋ ಖಾಜಾಮಿಯಾ ಚಾಚಾಗ ಗೊತ್ತಿತ್ತು, ಮಾಸ್ತರ್ರಿಗಂತೂ ಗೊತ್ತೇ ಇತ್ತು. ಉಳದ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಮಂದಿಗೆಲ್ಲ ಅದು ದೊಡ್ಡ ಮನಸಿನ ಮನಿಷ್ಯಾನ ನಗಿ. “ನೋಡ್ರಿ, ಹುಡುಗಿ ತಪ್ಪಿದ್ರೂ ಹ್ಯಾಂಗ ನಕ್ಕು ಸಂಭಾಳಿಸಿದ್ರು” ಅಂತ ಒಬ್ಬರಿಗೊಬ್ಬರು ಹೇಳ್ತಿದ್ದರು. ಹೋದವರ ಬಗ್ಗೆ ಕೆಟ್ಟ ಮಾತಾಡಬಾರದು ಅಂತಾರ. ಅವರು ಇರೋತನಕ ನಾ ಮಂದಿ ಮುಂದ ಆಡಲಿಲ್ಲ, ಈಗ ಆಡ್ತೀನಿ.

ನಾ ಹಾಡಾಕಿ. ಊರು ಕುರಕುಂಟಾ, ಕೊಟ್ಟದ್ದು ಸೇಡಂಕ್ಕ. ದಾಸರ ಪದ, ವಚನ, ತತ್ವಪದ, ಯಾವುದು ಕೇಳಿದ್ರ ಅದು ಹಾಡ್ತೀನಿ. ಮಾಸ್ತರ್ರು ನನಗ ತಬಲಾ ಸಾಥಿಗೆ ಕುಂದ್ರತಿದ್ದರು. ಅವರು ಹ್ಯಾಂಗ ನಗ್ತಿದ್ದರು ಹೇಳ್ತೀನಿ ಕೇಳ್ರಿ. ತಾಳ ಒಂದು ಸುತ್ತು ಹೊಡದು ಮತ್ತ ಮೊದಲನೇ ಪೆಟ್ಟಿಗೆ ಬರ್ತದಲ್ಲ, ಅದಕ್ಕ ಸಮ ಅಂತೀವಿ. ಹಾಡಾವರು, ಬಾರಿಸಾವರು ನಡುವ ಎಲ್ಲೇ ತಿರುಗಾಡಲಿ, ಸಮಕ್ಕ ಎಲ್ಲಾರೂ ಕೂಡೇ ಬಂದು ಮುಟ್ಟಬೇಕು. ಮಾಸ್ತರ್ರಿಗೆ ಒಂದು ಚಟ ಇತ್ತು. ಪದ ರಂಗಕ್ಕ ಬಂತಂದ್ರ ಒಂದು ತಿಹಾಯಿ ಎತ್ತಬೇಕು. ಅಂದ್ರ ಒಂದೇ ತುಣುಕು ಮೂರು ಸಲ ಬಾರಿಸಿ, ಮೂರನೇದರ ಕಡೀ ಪೆಟ್ಟು ಕರೆಕ್ಟ್ ಸಮಕ್ಕ ಬಿಡಬೇಕು, ಮಂದಿ “ವ್ಹಾ” ಅನ್ನಬೇಕು. ಬಿದ್ದಾಗ ಖರೇನೇ ಮೈ ಝುಮ್ ಅಂತಿತ್ತು, ಸುಳ್ಳು ಯಾಕ ಹೇಳ್ಲಿ. ಬೀಳಲಿಲ್ಲಂದ್ರ ಆ ಪೆಟ್ಟು ಅರ್ಧ ಮಾತ್ರಾ, ಅಂದ್ರ ಅರ್ಧ ಎಣಿಕಿ, ಮೊದಲೇ ಬಂದು ಕುಂತಿರ್ತಿತ್ತು.

ಆವಾಗ ಬ್ಯಾರೆ ಯಾರೇ ಆಗಿದ್ರ ತಲಿ ಕೆಳಗ ಹಾಕತಿದ್ದರು. ಮಾಸ್ತರ್ರು ತಲಿ ಎತ್ತತಿದ್ದರು. ತಟಕ್ನ ಎತ್ತಿ ನನ್ನ ಮಾರಿ ನೋಡ್ತಿದ್ದರು. ಎಡಗೈ ಡಗ್ಗಾದ, ಅಂದ್ರ ಎಡಗಡಿ ದೊಡ್ಡ ತಬಲಾದ, ಮ್ಯಾಲಿಂದ ಜರಾ ಎತ್ತಿ, ಆಶೀರ್ವಾದ ಮಾಡಿದಂಗ, “ಇರಲಿ, ಇರಲಿ, ಹಾಡು” ಅಂತ ತುಟಿ ಅಲ್ಲಾಡಿಸಿ, ಕಣ್ಣು ಅರ್ಧ ಮುಚ್ಚಿ ನಗತಿದ್ದರು. ಅಷ್ಟೇ. ಕುಂತ ಮಂದಿ ಎಲ್ಲಾ ಅವರ ಕಣ್ಣು ಹೋದ ಕಡಿ ನೋಡ್ತಿತ್ತು, ಅಂದ್ರ ನನ್ನ ಕಡಿ. ಸಮಕ್ಕ ಬರಾಬರ್ ಬಂದು ನಿಂತ ನಾನು, ಎಲ್ಲಾರ ಮುಂದ ತಾಳಗೇಡಿ ಆಗಿ ಕುಂತಿರ್ತಿದ್ದೆ.

ಎತ್ತರದ ತೆಳ್ಳನ ಆಳು. ಕಚ್ಚೀಧೋತರ, ಮ್ಯಾಲೊಂದು ಕರೀ ಕೋಟು, ಹಣಿ ಮ್ಯಾಲ ಅಂಗಾರ ಅಕ್ಷಂತಿ. ಸೇಡಂದ ಗುಡಿ ಓಣ್ಯಾಗ ಮನಿ, ಗುಡಿ ಪೂಜಿ ಮನೆತನ. ತಬಲಾ ಚರ್ಮದ್ದು, ಒಳಗ ತರಬ್ಯಾಡ ಅಂತ ಅವರ ತಾಯಿ ಹಠ ಹಿಡದಿದ್ದಳಂತ. ಆಕಿ ಹೋಗಿ ಎಷ್ಟೋ ವರ್ಷ ಆದ್ರೂ ತಬಲಾ ಪಡಸಾಲಿ ಕಟ್ಟಿ ಮ್ಯಾಲೇ ಇರ್ತಿತ್ತು. ಬಾರಿಸಿದ ಕೈ ತೊಳಕೊಂಡೇ ಒಳಗ ಕಾಲಿಡ್ತಿದ್ದರು. “ಚರ್ಮದ ಮೈಲಿಗಿ ನೀರಿಗೆ ಹೋಗ್ತದ ತಂಗಿ” ಅಂತಿದ್ದರು. ಸುಳ್ಳಿನ ಮೈಲಿಗಿ ಯಾವ ನೀರಿಗೆ ಹೋಗ್ತದ ಅಂತ ಕೇಳೋ ಧೈರ್ಯ ಆವಾಗ ನನಗ ಇರಲಿಲ್ಲ. ರೈಲಿನ್ಯಾಗ ಹೊಂಟ್ರ ಥರ್ಮಾಸಿನ್ಯಾಗ ಮನೀ ಚಾ, ಡಬ್ಬ್ಯಾಗ ಹಚ್ಚಿದ ಅವಲಕ್ಕಿ. ತಾವು ತಿನ್ನೋಕ್ಕಿಂತ ಮೊದಲ ನಮಗ ಕೊಡ್ತಿದ್ದರು. ಈ ಮನಿಷ್ಯಾನ್ನ ಪೂರಾ ದ್ವೇಷ ಮಾಡಲಿಕ್ಕೂ ಬರಂಗಿಲ್ಲ, ಅದೇ ನನ್ನ ಸಂಕಟ.

ಯಾಕಂದ್ರ ನನಗ ಸ್ಟೇಜ್ ಮ್ಯಾಲ ಕುಂದ್ರೋದು ಕಲಿಸಿದ್ದೇ ಅವರು. ನನ್ನ ಮೊದಲನೇ ಕಾರ್ಯಕ್ರಮ ವಾಡಿಯೊಳಗ, ಒಂದು ಸಿಮೆಂಟ್ ಫ್ಯಾಕ್ಟರಿ ಕಾಲನ್ಯಾಗ, ಗಣಪತಿ ಹಬ್ಬಕ್ಕ. ತಬಲಾದ ಗವಸಣಿ ತಗದ ಕೂಡ್ಲೇ ಮ್ಯಾಲ ಬೂದಿಬಣ್ಣದ ಧೂಳು ಕುಂತಿತು. ಮಾಸ್ತರ್ರು ಕೋಟಿನ ತೋಳಿನಿಂದ ಒರಸಿ, “ಇಲ್ಲಿ ಬೆವತ ಕೈಲೆ ಬಾರಿಸಿದ್ರ ಇದು ಸ್ಲ್ಯಾಬ್ ಆಗ್ತದ” ಅಂದು ನನ್ನ ನಗಿಸಿದರು. ಎರಡನೇ ಪದದಾಗ ಮುಂದಿನ ನುಡಿ ಪೂರಾ ಮರತು ಹೋತು. ಬಾಯಿ ತಗದೆ, ಒಳಗ ಏನೂ ಇಲ್ಲ.

ಖಾಜಾಮಿಯಾ ಚಾಚಾ ನನ್ನ ಕಡೀ ಸ್ವರ ಹಿಡಕೊಂಡು ಸುಮ್ನ ಎಳಕೋತ ಕುಂತರು. ಮಾಸ್ತರ್ರು ಮಳಿ ಶುರು ಆದಂಗ ಸಣ್ಣಗ ಬಾರಿಸ್ಲಿಕತ್ತರು, ಆಮ್ಯಾಲ ಜೋರು ಮಾಡಿದರು. ಮಂದಿ ಕಣ್ಣೆಲ್ಲ ಅವರ ಬೆರಳಿನ ಮ್ಯಾಲೇ. ಅದರ ನಡುವ ನನ್ನ ಕಡಿ ನೋಡದೇ, “ಪಲ್ಲವಿಗೆ ಹೋಗು ತಂಗಿ, ನುಡಿ ತಾನೇ ಬರ್ತದ” ಅಂದರು. ಪಲ್ಲವಿಗೆ ಹೋದೆ, ನುಡಿ ಬಂತು. ಮಂದಿ ಚಪ್ಪಾಳಿ ತಟ್ಟಿತು. ನಾ ಮರತದ್ದು ಒಬ್ಬರಿಗೂ ತಿಳೀಲಿಲ್ಲ. ಸ್ಟೇಜ್ ಇಳದ ಕೂಡ್ಲೇ ಅವರ ಕಾಲಿಗೆ ಬಿದ್ದೆ.

ಮರುದಿನ ಪಡಸಾಲ್ಯಾಗ ಕುಂದ್ರಿಸಿಕೊಂಡು ಪಾಠ ಹೇಳಿದರು. “ತಪ್ಪು ಕಿವಿಗೆ ಕೇಳಂಗಿಲ್ಲ ತಂಗಿ. ಮಾರಿ ಮ್ಯಾಲ ಕಾಣ್ತದ. ಮಂದಿಗೆ ಕಿವಿ ಎಲ್ಲ್ಯದ? ಬರೇ ಕಣ್ಣವ. ಸ್ವರ ತಪ್ಪಿತಂದ್ರ ಮುಂದಿನ ಸುತ್ತಿನ್ಯಾಗ ಮತ್ತ ಅದೇ ತಪ್ಪು ಮಾಡು. ಒಮ್ಮೆ ಮಾಡಿದ್ರ ತಪ್ಪು, ಮತ್ತೊಮ್ಮೆ ಮಾಡಿದ್ರ ಅದು ನಿನ್ನ ಕಲಾ. ಸಾಲು ಮರತ್ರ ಹಿಂದಿನ ಸಾಲೇ ಕಣ್ಣು ಮುಚ್ಚಿ ಹಾಡು, ಹುಡುಗಿಗೆ ಭಕ್ತಿ ಉಕ್ಕಿ ಬಂದದ ಅಂತ ತಿಳೀತಾರ. ಕೆಮ್ಮು ಬಂದ್ರ ಚಾಚಾನ ಕಡಿ ಕೈ ತೋರಿಸು, ಹಾರ್ಮೋನಿಯಂಕ್ಕ ಜಾಗಾ ಬಿಟ್ಟಳು ಅಂತಾರ. ಆದ್ರ ಮಾರಿ ಮಾತ್ರ ಕೆಡಸಬ್ಯಾಡ.” ನಾ ಹೊಟ್ಟಿ ಹಿಡಕೊಂಡು ನಕ್ಕೆ. ಎಂಥಾ ಗುರು ಸಿಕ್ಕಾರಪ್ಪಾ ಅಂತ ಮನೀಗಿ ಹೋಗಿ ಹೇಳ್ದೆ. ಆ ವಿದ್ಯಾದ ಇನ್ನೊಂದು ಮಗ್ಗಲು ನನಗ ಆವಾಗ ಕಂಡಿರಲಿಲ್ಲ.

ಅದು ಕಂಡದ್ದು ಚಿತ್ತಾಪುರದಾಗ. ಸೇಡಂದ ಒಂದು ಖಾಸಗಿ ಹೆಣ್ಮಕ್ಕಳ ಶಾಲ್ಯಾಗ ಸಂಗೀತ ಟೀಚರ್ ಬೇಕಾಗಿತ್ತು. ಆ ಶಾಲಿ ಅಧ್ಯಕ್ಷರು ನನ್ನ ಹಾಡು ಕೇಳಿ ನೋಡ್ತೀನಿ ಅಂತ ಚಿತ್ತಾಪುರದ ಕಾರ್ಯಕ್ರಮಕ್ಕ ಬಂದು ಮುಂದಿನ ಸಾಲಿನ್ಯಾಗ ಕುಂತಿದ್ದರು. ನಮ್ಮ ಕಡಿ ಹಾಡಾಕಿಗೆ ಮದವಿ ಸೀಸನ್ ಮುಗೀತಂದ್ರ ಮುಂದ ಏನೂ ಇಲ್ಲ. ಹಾಡಿಕೋತ ಬದಕಬೇಕಂದ್ರ ಅಂಥ ನೌಕರಿ ಒಂದೇ ದಾರಿ. ಇವತ್ತು ಒಂದಿನ ಛಂದ ಆಗ್ಲಿ ನಮ್ಮಪ್ಪಾ ಅಂತ ಬೇಡಿಕೊಂಡು ಕುಂತಿದ್ದೆ. ಮಾಸ್ತರ್ರಿಗೂ ಹೇಳಿದ್ದೆ. “ಚಿಂತಿ ಬಿಡು, ನಾ ಇದ್ದೀನಲ್ಲ” ಅಂದಿದ್ದರು.

ಛಂದೇ ಆತು. ಕಡೀ ಪದದ ತನಕ. ಕಡೀ ಪದದಾಗ ಮಾಸ್ತರ್ರಿಗೆ ತಿಹಾಯಿ ಎತ್ತೋ ಹುಕಿ ಬಂತು. ಎತ್ತಿದ ಕೂಡ್ಲೇ ನನಗ ಗೊತ್ತಾತು, ಇದು ಮೊದಲೇ ಮುಗೀತದ. ನಾ ನನ್ನ ಜಾಗಾ ಬಿಡಲಿಲ್ಲ. ಅವರ ಪೆಟ್ಟು ಬಿತ್ತು, ಆಮ್ಯಾಲ ನನ್ನ ಸಮ ಬಂತು. ನಡುವ ಒಂದು ಖಾಲಿ ಬಿರುಕು. ಕುಂತಾವರಿಗೆ ಏನೋ ಜಾರಿದ್ದು ತಿಳೀತು, ಯಾರು ಜಾರಿದರು ತಿಳೀಲಿಲ್ಲ. ಮಾಸ್ತರ್ರು ತಲಿ ಎತ್ತಿ ಅವರಿಗೆ ತಿಳಿಸಿದರು. ಕೈ ಎತ್ತಿ, “ಇರಲಿ, ಇರಲಿ” ಅಂದು, ನನ್ನ ನೋಡಿ ನಕ್ಕರು. ಅಧ್ಯಕ್ಷರು ಬಾಜೂಕಿನವರ ಕಿವ್ಯಾಗ ಏನೋ ಅಂದದ್ದು ನಾ ಕಣ್ಣಾರೆ ಕಂಡೆ. ಅವರೂ ನನ್ನ ಕಡಿ ನೋಡಿ “ಪಾಪ” ಅಂದಂಗ ತಲಿ ಅಲ್ಲಾಡಿಸಿದರು.

ಮಾಸ್ತರ್ರು ತಮ್ಮ ತಪ್ಪು ತಮಗ ತಿಳೀದೇ ನಕ್ಕರೇನೋ ಅಂತ ಅನಕೊಂಡೆ ನಾನು, ಹುಚ್ಚಿ. ಮರುದಿನ ಶಹಾಬಾದಕ್ಕ ಹೋದೆ. ಖಾಜಾಮಿಯಾ ಚಾಚಾಂದು ಅಲ್ಲಿ ಬಜಾರದಾಗ ಸಣ್ಣ ಅಂಗಡಿ ಅದ, ಹೊಲಿಗಿ ಮಷೀನ್ ರಿಪೇರಿ ಮಾಡ್ತಾರ. ಹಾರ್ಮೋನಿಯಂ ಕೈ ತಪ್ಪಿದ್ರ ಆ ಮನಿಷ್ಯಾ ಹಾಡಾವರ ಕಡಿ ತಿರುಗಿ ಎಲ್ಲಾರ ಎದುರೇ ಕಿವಿ ಮುಟ್ಟಿಕೋತಾರ. ಅಂಥಾವರು.

“ಚಾಚಾ, ನಿನ್ನೆ ಸಮ ಯಾರು ತಪ್ಪಿದ್ರು?” ಅಂದೆ.

ಚಾಚಾ ಮಷೀನಿನ ಸೂಜಿ ಬಿಚ್ಚಲಿಕತ್ತಿದ್ದರು. “ನೀ ಬರಾಬರ್ ಇದ್ದಿ ಬೇಟಿ” ಅಂದರು.

“ಹಂಗಾದ್ರ ಆ ಅಧ್ಯಕ್ಷರಿಗೆ ಒಂದು ಮಾತು ಹೇಳ್ರಿ. ನನ್ನ ನೌಕರಿ ಹೋಗ್ತದ.”

“ಅದು ಆಗಂಗಿಲ್ಲ. ಸಾಥಿಗೆ ಕುಂತಾವರು ಇನ್ನೊಬ್ಬ ಸಾಥಿದಾರನ ತಪ್ಪು ಸ್ಟೇಜ್ ಇಳದ ಮ್ಯಾಲ ಬಾಯಾಗ ತರಬಾರದು. ನಮ್ಮ ಉಸ್ತಾದ್ ಕಲಿಸಿದ ಉಸೂಲ್, ನೇಮ ಅದು. ಅದನ್ನ ಮುರದ್ರ ನಾಳಿ ನನ್ನ ಬಾಜೂಕ ಯಾರೂ ನಂಬಿ ಕುಂದ್ರಂಗಿಲ್ಲ.”

“ಅವರು ನನ್ನ ಮ್ಯಾಲ ತಪ್ಪು ಹಾಕಬಹುದೇನ್ರಿ? ನಿಮ್ಮ ಉಸೂಲ್ ಅವರಿಗಿಲ್ಲೇನು?”

ಚಾಚಾ ಬಿಚ್ಚಿದ ಸೂಜಿ ಡಬ್ಬ್ಯಾಗ ಇಟ್ಟರು. ಆಮ್ಯಾಲ ಅಂದರು, “ಅವರು ಬಾಯಿಲೆ ಏನಂದಾರ ಬೇಟಿ? ಏನೂ ಅಂದಿಲ್ಲ. ನಕ್ಕಾರ ಅಷ್ಟೇ.”

ಅದೇ ನೋಡ್ರಿ. ಬೈದಿದ್ರ ಜಗಳಾ ಆಡಬಹುದಿತ್ತು. ಸುಳ್ಳು ಹೇಳಿದ್ರ ಸುಳ್ಳು ಅನ್ನಬಹುದಿತ್ತು. ನಕ್ಕಾವರನ್ನ ಯಾವ ಪಂಚಾಯ್ತಿಗೆ ಎಳೀತೀರಿ? ಚಾಚಾ ಚಾ ತರಿಸಿದರು. ಕುಡದು ರೈಲು ಹತ್ತಿದೆ. ದಾರಿ ತುಂಬ ಇಬ್ಬರ ಮ್ಯಾಲೂ ಸಿಟ್ಟು ಉಕ್ಕತಿತ್ತು, ಕಳ್ಳನ ಮ್ಯಾಲೂ, ಕಂಡು ಸುಮ್ನ ಕುಂತ ಸಂಭಾವಿತನ ಮ್ಯಾಲೂ.

ಸೀದಾ ಮಾಸ್ತರ್ರ ಮನೀಗೇ ಹೋದೆ. ಕಟ್ಟಿ ಮ್ಯಾಲ ಕುಂತು ತಬಲಾದ ವಾದಿ, ಆ ಚರ್ಮದ ಪಟ್ಟಿ, ಎಳದು ಸುರ್ ಹಚ್ಚಲಿಕತ್ತಿದ್ದರು. “ಮಾಸ್ತರ್, ನಿನ್ನೆ ತಿಹಾಯಿ ನಿಮ್ಮದು ಜಲ್ದಿ ಬಂತಲ್ರಿ” ಅಂದೆ, ದನಿ ಸಣ್ಣ ಮಾಡಿಕೊಂಡೇ.

“ಹೌದೇನು?” ಅಂದರು, ತಲಿ ಎತ್ತದೇ. “ಇರಬಹುದು ತಂಗಿ. ಕಾರ್ಯಕ್ರಮ ಅಂದ ಮ್ಯಾಲ ಅವೆಲ್ಲ ನಡೀತಾವ.”

“ಅಧ್ಯಕ್ಷರು ನಂದೇ ತಪ್ಪು ಅಂತ ತಿಳಕೊಂಡಾರ್ರಿ. ನೀವು ಒಂದು ಮಾತು ಹೇಳಿದ್ರ ಸಾಕು.”

“ಅಯ್ಯ, ಅದಕ್ಕ ಇಷ್ಟು ಮಾರಿ ಸಣ್ಣ ಮಾಡಿಕೊಂಡಿ? ಹೇಳ್ತೀನಿ. ಇವತ್ತೇ ಹೋಗಿ ಹೇಳ್ತೀನಿ ಹೋಗು.” ಅಂದು ಒಳಗಿಂದ ಅವಲಕ್ಕಿ ತರಿಸಿ ಕೊಟ್ಟರು. ನಾ ಕಣ್ಣೀರು ಒರಸಿಕೋತ ತಿಂದೆ. ಛೇ, ಇಂಥಾವರ ಮ್ಯಾಲ ಏನೇನೋ ಅನುಮಾನ ಮಾಡಿದೆನಲ್ಲ ಅಂತ ನನ್ನೇ ನಾ ಬೈಕೊಂಡೆ.

ಅವರು ಹೋದರು, ಹೇಳಿದರು, ನೌಕರಿಯೂ ಸಿಕ್ಕಿತು. ಹಾಜರಾಗಲಿಕ್ಕೆ ಹೋದ ದಿನ ಅಧ್ಯಕ್ಷರು ಎದುರು ಕುಂದ್ರಿಸಿಕೊಂಡು, ಮನಿ ಮಗಳಿಗೆ ಹೇಳಿದಂಗ ಹೇಳಿದರು: “ನೋಡವಾ, ನಿನ್ನ ದನಿ ಛಲೋ ಅದ. ತಾಳದ್ದು ಕೊರತಿ ಅದ ಅಂತ ನಮಗೂ ತಿಳೀತು. ನಾವು ಬ್ಯಾಡಂತಲೇ ಇದ್ವಿ. ಬಿಂದಾಚಾರ್ರು ತಾವಾಗಿ ಬಂದು, ‘ಪಾಪ, ಹುಡುಗಿ ಒಳ್ಳೇಕಿ, ತಗೊಳ್ರಿ, ತಾಳ ನಾ ತಿದ್ದತೀನಿ’ ಅಂದರು. ಅವರ ಮಾತಿಗೆ ನಾವು ಇಲ್ಲ ಅನ್ನಂಗಿಲ್ಲ. ಪ್ರತಿ ಐತವಾರ ಅವರ ಹತ್ರ ಹೋಗಿ ಕಲಕೋ. ಅವರ ಉಪಕಾರ ಮರೀಬ್ಯಾಡ.”

ನನ್ನ ಕೈಯ್ಯಾಗ ಪೆನ್ನು ಇತ್ತು. ಆ ಪೆನ್ನು ಅಧ್ಯಕ್ಷರ ಟೇಬಲ್ ಮ್ಯಾಲ ಒಗದು ಎದ್ದು ಬರಬೇಕಿತ್ತು ಅಂತ ನೀವು ಅಂತೀರಿ. ಹೊಟ್ಟಿ ತುಂಬಿದಾವರ ಮಾತು ಅದು. ನಾ ಸಹಿ ಮಾಡಿದೆ. ಹೊರಗ ಬಂದು ಶಾಲಿ ನಳದ ಕೆಳಗ ಮಾರಿ ತೊಳಕೊಂಡೆ. ಹೇಸಿಕಿ ಅಂದ್ರ ಏನು ಅಂತ ನನಗ ಅವತ್ತು ತಿಳೀತು. ಮೈಗೆ ಹತ್ತಿದ್ದಲ್ಲ ಅದು, ತೊಳದ್ರ ಹೋಗಂಗಿಲ್ಲ.

ಮುಂದ ಪ್ರತಿ ಐತವಾರ ಗುಡಿ ಓಣಿ. ಗುಡೀಗಿ ಹೋಗೋ ಬರೋ ಮಂದಿ ಎಲ್ಲಾ ನೋಡ್ತಿತ್ತು, ಶಾಲಿ ಸಂಗೀತ ಟೀಚರ್ ಕಟ್ಟಿ ಕೆಳಗ ಕುಂತು ತೊಡಿ ಮ್ಯಾಲ ತಾಳ ಬಡಕೋತ “ಧಾ ಧಿನ್ ಧಿನ್ ಧಾ” ಅನ್ನೋದು. “ಎಣಿಸು ತಂಗಿ, ಎಣಿಸು. ನಾಚಿಕಿ ಬ್ಯಾಡ” ಅಂತಿದ್ದರು ಮಾಸ್ತರ್ರು, ಹಾದಿ ಮಂದಿಗೂ ಕೇಳೋ ಹಂಗ. ಯಾರರ ನಿಂತು ಮಾತಾಡಿಸಿದ್ರ, “ಈಗ ಸುಧಾರಣಿ ಅದ” ಅಂತ ರಿಪೋರ್ಟ್ ಕೊಡ್ತಿದ್ದರು. ನಾ ಹಲ್ಲು ಕಚ್ಚಿ ಕುಂದ್ರತಿದ್ದೆ. ಮತ್ತ ಅದರಾಗೇ ಖರೇ ವಿದ್ಯಾನೂ ಕೊಡ್ತಿದ್ದರು ನೋಡ್ರಿ! ಲಯ ಹ್ಯಾಂಗ ಒಡೀಬೇಕು, ಹ್ಯಾಂಗ ಕೂಡಸಬೇಕು, ಎಲ್ಲಾ ಬಿಚ್ಚಿ ಹೇಳ್ತಿದ್ದರು, ಏನೂ ಮುಚ್ಚಿಡ್ತಿದ್ದಿಲ್ಲ. ಇವತ್ತು ನಾ ನಮ್ಮ ಶಾಲಿ ಹುಡಿಗ್ಯಾರಿಗೆ ಹೇಳಿಕೊಡೋದೆಲ್ಲ ಆ ಕಟ್ಟಿ ಕೆಳಗ ಕಲತದ್ದೇ. ಕಲಿಸಿದ ಬಾಯಿಲೆನೇ ಅವರು ನನ್ನ ಹೆಸರು ಕೆಡಿಸಿದ್ದು.

ನನಗ ಅವರಿಂದ ಬೇಕಾದದ್ದು ಒಂದೇ ಮಾತು. “ಚಿತ್ತಾಪುರದಾಗ ತಪ್ಪಿದ್ದು ನಾನು” ಅಂತ ಯಾರರ ಮುಂದ ಒಮ್ಮೆ ಅನ್ನಬೇಕು. ಅಧ್ಯಕ್ಷರ ಮುಂದೇ ಆಗ್ಬೇಕಂತಿಲ್ಲ, ನಮ್ಮ ಮನ್ಯಾವರ ಮುಂದ ಅಂದ್ರೂ ನಡೀತಿತ್ತು. ಯಾಕಂದ್ರ ಹಾಡಾಕಿಗೆ “ದನಿ ಇಲ್ಲ” ಅಂದ್ರೂ ಬದಕತಾಳ, “ತಾಳ ಇಲ್ಲ” ಅಂದ್ರ ಮುಗೀತು. ಕಾಳಗಿ ಕಡಿಂದ ಒಬ್ಬರು ಕಾರ್ಯಕ್ರಮಕ್ಕ ಕರೀಲಿಕ್ಕೆ ಬಂದಾವರು ನನ್ನ ಎದುರಿಗೇ ಕೇಳಿದ್ದರು, “ತಬಲಾಕ್ಕ ಬಿಂದಾಚಾರ್ರು ಬರ್ತಾರಲ್ರಿ? ಅವರಿದ್ರ ನಿಮ್ಮನ್ನ ಸಂಭಾಳಿಸಿಕೋತಾರ.” ಹಿಂಗಾಗಿ ಅವರನ್ನ ಬಿಟ್ಟು ಹಾಡೋ ಹಂಗೂ ಇರಲಿಲ್ಲ. ಕಳ್ಳನ ಕೈಯ್ಯಾಗೇ ಬೀಗದ ಕೈ ಕೊಟ್ಟಂಗ ಆಗಿತ್ತು ನನ್ನ ಬಾಳ್ವಿ.

ಒಮ್ಮೆ ನನಗ ಭಾಳ ಆಸಿ ಹುಟ್ಟಿತು. ಚಿಂಚೋಳಿ ಕಾರ್ಯಕ್ರಮದಾಗ ಯಾರೋ ಮೊಬೈಲಿನ್ಯಾಗ ವಿಡಿಯೋ ತಗದು ಗ್ರೂಪಿನ್ಯಾಗ ಬಿಟ್ಟಿದ್ದರು. ಅವತ್ತೂ ಮಾಸ್ತರ್ರು ತಪ್ಪಿದ್ದರು, ಅವತ್ತೂ ನಕ್ಕಿದ್ದರು. ವಿಡಿಯೋದಾಗ ಎಲ್ಲಾ ಸ್ವಚ್ಛ ಕೇಳ್ತಿತ್ತು, ನಾ ತೊಡಿ ಮ್ಯಾಲ ಹಾಕಿದ ತಾಳ ಸುದ್ದಾ ಕಾಣ್ತಿತ್ತು. ಸಿಕ್ಕರು ಅಂದೆ. ನಮ್ಮ ಮನ್ಯಾವರನ್ನ ಕರದು ಬಾಜೂಕ ಕುಂದ್ರಿಸಿಕೊಂಡೆ. ಅವರು ರೈಲ್ವೆದಾಗ ನೌಕರಿ, ಸಂಗೀತದ ಗಾಳಿ ಇಲ್ಲ, ಆದ್ರ ಎಣಿಸಲಿಕ್ಕೆ ಯಾರಿಗೆ ಬರಂಗಿಲ್ಲ?

“ನೋಡ್ರಿ, ನನ್ನ ಕೈ ನೋಡ್ರಿ. ಇಲ್ಲಿ ಸಮ. ಅವರು ಅದಕ್ಕಿಂತ ಮೊದಲೇ ಬಂದ್ರು. ಕಂಡ್ರೇನು?”

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೊಮ್ಮೆ ಹಚ್ಚು ಅಂದರು. ಮತ್ತೊಮ್ಮೆ ನೋಡಿದರು. ಆಮ್ಯಾಲ ಅವರ ಮಾರಿ ಮೆತ್ತಗಾತು. “ನೀ ಏನರ ಅನ್ನು, ಮಾಸ್ತರ್ರು ದೊಡ್ಡ ಮನಿಷ್ಯಾ. ನೀ ತಪ್ಪಿದ್ರೂ ಒಂದೀಟು ಸಿಟ್ಟಿಲ್ಲ ನೋಡು, ಹ್ಯಾಂಗ ನಕ್ಕಾರ. ನಮ್ಮ ಸಾಹೇಬ್ರಾಗಿದ್ರ ಅಲ್ಲೇ ಮಾನ ಕಳೀತಿದ್ದರು” ಅಂದರು.

ನಾ ಮೊಬೈಲ್ ಕಸಗೊಂಡು ಅಡಗಿ ಮನೀಗಿ ಹೋದೆ. ಅವತ್ತು ರೊಟ್ಟಿ ಬಡಿಯೋ ಸಪ್ಪಳಕ್ಕ ಬಾಜೂ ಮನ್ಯಾಕಿ ಬಂದು, “ಯಾಕ ನೀಲಾ, ಯಾರ ಮ್ಯಾಲ ಸಿಟ್ಟು?” ಅಂತ ಕೇಳಿದ್ದಳು. ಮಂದಿಗೆ ಬರೇ ಕಣ್ಣವ ಅಂತ ಮಾಸ್ತರ್ರು ಹೇಳಿದ್ದು ಸುಳ್ಳಲ್ಲ. ಆ ಮಂದ್ಯಾಗ ನನ್ನ ಗಂಡನೂ ಒಬ್ಬರು ಅನ್ನೋದು ನನಗ ಗೊತ್ತಿರಲಿಲ್ಲ ಅಷ್ಟೇ.

ಹೋದ ವರ್ಷ ಮಾಸ್ತರ್ರಿಗೆ ಲಕ್ವಾ ಹೊಡೀತು. ಎಡಮೈ ಪೂರಾ ಬಿದ್ದು ಹೋತು. ಮಾತು ಉಳೀತು, ಸ್ವಲ್ಪ ತೊದಲು ಅಷ್ಟೇ. ಕೇಳಿದ ಕೂಡ್ಲೇ ನನಗ ಮೊದಲು ಬಂದ ವಿಚಾರ ಅವರ ಜೀವದ್ದಲ್ಲ. ಇವರು ಹೋದ್ರ ಆ ಮಾತು ಹೇಳಾವರು ಯಾರು ಅನ್ನೋದು. ಅಂಥಾ ವಿಚಾರ ಬರೋ ಹಂಗ ನನ್ನ ಮಾಡಿಟ್ಟರಲ್ಲ ಈ ಮನಿಷ್ಯಾ ಅಂತ ಮತ್ತಿಷ್ಟು ಉರೀತು. ಆದ್ರೂ ಮುಂಜಾನಿ ಶಾಲೀಗಿ ರಜಾ ಹಾಕಿ, ಮೋಸಂಬಿ ತಗೊಂಡು ಹೋದೆ.

ಒಳಗಿನ ಖೋಲ್ಯಾಗ ಪಲ್ಲಂಗದ ಮ್ಯಾಲ ಒರಗಿದ್ದರು. ಸೊಸಿ ವೈದೇಹಿ ನನ್ನ ಕುಂದ್ರಿಸಿ, ಚಾ ಮಾಡಿ ತರ್ತೀನಿ ಅಂತ ಅಡಗಿ ಮನೀಗಿ ಹೋದಳು. ಮಾಸ್ತರ್ರ ಬಲಗೈ ಬೆರಳು ಹಾಸಿಗಿ ಅಂಚಿನ ಮ್ಯಾಲ ಸಣ್ಣಗ ಏನೋ ಬಾರಿಸ್ಲಿಕತ್ತಿದ್ವು. ಎಷ್ಟು ಇಳದು ಹೋಗಿದ್ದರಂದ್ರ, ಗುರುತೇ ಹತ್ತಂಗಿರಲಿಲ್ಲ. ಆದ್ರ ನಾ ಬಂದ ಕೆಲಸ ಬಿಡಲಿಲ್ಲ.

“ಮಾಸ್ತರ್, ಚಿತ್ತಾಪುರ ನೆನಪದ ಏನ್ರಿ?”

ಬಾರಿಸೋ ಬೆರಳು ನಿಲ್ಲಿಸಿದರು. ಆಮ್ಯಾಲ ಅಂದರು, “ತಿಹಾಯಿ ಅರ್ಧ ಮಾತ್ರಾ ಮೊದಲ ಎತ್ತಿದ್ದೆ.”

ನಾ ಪಲ್ಲಂಗದ ಹತ್ರ ಸರದೆ.

“ಎತ್ತಿದ ಕೂಡ್ಲೇ ತಿಳೀತು ತಂಗಿ. ಇಳಿಸಲಿಕ್ಕೆ ಬರಲಿಲ್ಲ. ನೀ ಜಾಗಾ ಬಿಟ್ಟು ನನ್ನ ಹತ್ರ ಬರ್ತಿ ಅನಕೊಂಡೆ. ಬರಲಿಲ್ಲ. ಗಟ್ಟಿ ನಿಂತಿ. ಸಮಕ್ಕ ನ್ಯಾಯವಾಗಿ ನೀ ಬಂದಿ, ನಾ ಬರಲಿಲ್ಲ. ತಪ್ಪು ನಂದಿತ್ತು. ಚಿಂಚೋಳ್ಯಾಗೂ ನಂದೇ. ನಿನ್ನ ತಾಳದಾಗ ನಾ ಯಾವತ್ತೂ ಕೊರತಿ ಕಂಡಿಲ್ಲ.”

ಅಳು ಒತ್ತರಿಸಿ ಬಂತು. ಇಷ್ಟು ವರ್ಷ ಕಾದ ಮಾತು, ಇಷ್ಟು ಸರಳ ಬಂದು ಬಿಟ್ಟಿತ್ತು. “ಮತ್ಯಾಕ್ರಿ ಮಾಸ್ತರ್, ಯಾಕ ನನ್ನ ಹಂಗ ನೋಡಿ ನಗತಿದ್ರಿ?” ಅಂದೆ.

“ತಪ್ಪಾತಂದ್ರ ಅದು ಯಾರದರ ಮಾರಿ ಮ್ಯಾಲ ಹೋಗಿ ಕುಂದ್ರಬೇಕು ತಂಗಿ. ಪೂಜಿ ಮನೆತನ ಬಿಟ್ಟು ಚರ್ಮ ಬಡೀಲಿಕ್ಕೆ ಹೋದಾವ ಅಂತ ನಮ್ಮ ಮಂದಿ ಆಡಿಕೋತಿದ್ದರು. ಅದರಾಗೂ ತಪ್ಪತಾನ ಅಂತ ಆಗಿದ್ರ ನನಗ ಉಳೀತಿದ್ದದ್ದು ಏನು? ನಿನಗೇನು, ದನಿ ಇತ್ತು.”

ನನಗ ಖರೇನೇ ಕನಿಕರ ಬಂತು. ಅವರ ಕೈ ಹಿಡಕೊಂಡೆ. “ಆತು ಮಾಸ್ತರ್. ನನಗ ಮತ್ತೇನೂ ಬ್ಯಾಡ. ಈಗ ಅಂದ್ರಲ್ಲ, ಅದನ್ನ ವೈದೇಹಿ ಮುಂದ ಒಮ್ಮೆ ಅನ್ರಿ. ಅಷ್ಟೇ ಸಾಕು” ಅಂದು ಆಕಿನ್ನ ಕೂಗಿದೆ.

ವೈದೇಹಿ ಸೆರಗಿಗೆ ಕೈ ಒರಸಿಕೋತ ಬಂದು ಬಾಗಲಾಗ ನಿಂತಳು. “ಏನ್ರಿ ಮಾವನವರ?”

ಮಾಸ್ತರ್ರು ಆಕಿನ್ನ ನೋಡಿದರು. ನನ್ನ ನೋಡಿದರು. ಅವರ ಮಾರ್ಯಾಗ ಲಕ್ವಾ ಬಿಟ್ಟು ಉಳದ ಅರ್ಧದಾಗ ಅದೇ ನಗಿ ಮೆಲ್ಲಗ ಮ್ಯಾಲೆದ್ದು ಬಂತು. “ಏನಿಲ್ಲವಾ. ಈಕಿಗೆ ಇನ್ನೂ ಸಮ ಸಿಗವಲ್ತು. ಅದೇ ಹೇಳಿಕೊಡ್ಲಿಕತ್ತಿದ್ದೆ” ಅಂದರು.

ವೈದೇಹಿ ಕಣ್ಣಾಗ ನೀರು ತಂದಳು. “ಇಂಥಾ ಸ್ಥಿತ್ಯಾಗೂ ನಿಮ್ಮದೇ ಚಿಂತಿ ನೋಡ್ರಿ ಅವರಿಗೆ” ಅಂದಳು ನನಗ.

ನಾ ಹಿಡಕೊಂಡಿದ್ದ ಕೈ ಬಿಟ್ಟೆ. ಚಾಕ್ಕ ನಿಲ್ಲಲಿಲ್ಲ. ಓಣಿ ತಿರುಗೋತನಕ ತಡಕೊಂಡು, ಗೋಡಿ ಹಿಡದು ನಿಂತು, “ಥೂ” ಅಂತ ಉಗಳಿದೆ. ಸಾಯೋ ಮನಿಷ್ಯಾ, ಮನಿ ಸೊಸಿ ಒಬ್ಬಾಕಿ ಮುಂದ, ಒಂದು ಮಾತು! ಅದೇ ನಮ್ಮ ಕಡೀ ಭೆಟ್ಟಿ. ಮುಂದ ಸ್ವಲ್ಪ ದಿನಕ್ಕ ಮಾಸ್ತರ್ರು ಹೋದರು.

ಶಾಲಿ ಹಾಲಿನ್ಯಾಗ ಶ್ರದ್ಧಾಂಜಲಿ ಸಭಾ ಇಟ್ಟಿದ್ದರು. ಫೋಟೋಕ್ಕ ಹಾರ, ಮುಂದ ಅದೇ ತಬಲಾ. ಮಾತಾಡಿದಾವರೆಲ್ಲ ಒಂದೇ ಮಾತು: ಹಾಡಾವರ ತಪ್ಪು ತಮ್ಮ ಹೊಟ್ಟ್ಯಾಗ ಹಾಕ್ಕೊಳ್ಳೋದರಾಗ ಅಂಥಾವರು ಇನ್ನ ಹುಟ್ಟಂಗಿಲ್ಲ. ಖಾಜಾಮಿಯಾ ಚಾಚಾ ಹಾರ್ಮೋನಿಯಂ ಮುಂದ ಇಟ್ಟುಕೊಂಡು ಬಗ್ಗಿ ಕುಂತಿದ್ದರು. ಅಧ್ಯಕ್ಷರು ನನ್ನ ಹೆಸರು ಕರದರು, ಅವರ ಅಚ್ಚುಮೆಚ್ಚಿನ ಶಿಷ್ಯಳು ಅಂತ. ಎದ್ದು ಹೋಗಿ ಮೈಕ್ ಹಿಡದೆ. ಹೊಗಳಿ ಇಳೀಬೇಕು ಅಂತಲೇ ಹೋಗಿದ್ದೆ. ಬಾಯಿ ಬಿಟ್ರ ಬ್ಯಾರೇನೇ ಬಂತು.

“ಮಾಸ್ತರ್ರು ಭಾಳ ಛಲೋ ತಬಲಾ ಬಾರಿಸ್ತಿದ್ದರು. ಖರೇ. ಆದ್ರ ಚಿತ್ತಾಪುರದಾಗ ತಾಳ ತಪ್ಪಿದ್ದು ನಾ ಅಲ್ಲ. ಅವರು. ಚಿಂಚೋಳ್ಯಾಗೂ ಅವರೇ. ಹೋಗೋಕ್ಕಿಂತ ಮೊದಲ ಅವರೇ ನನ್ನ ಮುಂದ ತಮ್ಮ ಬಾಯಿಲೆ ಅಂದಾರ, ‘ತಪ್ಪು ನಂದಿತ್ತು, ನಿನ್ನ ತಾಳದಾಗ ಕೊರತಿ ಇಲ್ಲ’ ಅಂತ. ಚಾಚಾ ಇಲ್ಲೇ ಕುಂತಾರ. ಅವರಿಗೂ ಗೊತ್ತದ. ಕೇಳ್ರಿ ಬೇಕಾದ್ರ.”

ಎಲ್ಲಾರೂ ಚಾಚಾನ ಕಡಿ ತಿರುಗಿದರು. ಚಾಚಾ ಹಾರ್ಮೋನಿಯಂ ಮ್ಯಾಲಿಂದ ಕಣ್ಣು ಎತ್ತಲಿಲ್ಲ. ಸತ್ತ ಸಾಥಿದಾರನ ಫೋಟೋ ಎದುರು ಅವರು ಬಾಯಿ ಬಿಡಂಗಿಲ್ಲ ಅಂತ ನನಗ ಆ ಗಳಿಗ್ಯಾಗೇ ತಿಳೀತು.

ಅಧ್ಯಕ್ಷರು ಮೆಲ್ಲಗ ಎದ್ದು ಬಂದು ನನ್ನ ಕೈಯ್ಯಾಗಿನ ಮೈಕ್ ತಗೊಂಡರು. ಅವರ ಕಣ್ಣು ತುಂಬಿದ್ವು. “ಕೇಳಿದ್ರೇನ್ರಿ?” ಅಂದರು ಮಂದಿಗೆ. “ಗುರು ಅಂದ್ರ ಇದು! ಚಿತ್ತಾಪುರದಾಗ ನಾ ಮುಂದೇ ಕುಂತಿದ್ದೆ, ಏನಾತು ಅಂತ ಕಣ್ಣಿಲೆ ನೋಡೀನಿ. ಶಿಷ್ಯಳ ತಪ್ಪು ಸಾಯೋ ಹೊತ್ತಿನ್ಯಾಗ ತಮ್ಮ ಮ್ಯಾಲ ಹಾಕ್ಕೊಂಡು ಹೋಗ್ಯಾರ, ಆಕಿ ಮನಸಿಗೆ ಸಮಾಧಾನ ಆಗ್ಲಿ ಅಂತ!”

“ಹೌದ್ರಿ” ಅಂದಳು ಮುಂದಿನ ಸಾಲಿನ್ಯಾಗಿಂದ ವೈದೇಹಿ, ಬಿಕ್ಕಿಕೋತ. “ನಾ ಅಲ್ಲೇ ಇದ್ದೆ. ಕಡೀತನಕ ಇವರ ತಾಳದ್ದೇ ಧ್ಯಾಸ.”

ಶ್ರದ್ಧಾಂಜಲಿ ಸಭಾದಾಗ ಚಪ್ಪಾಳಿ ತಟ್ಟಬಾರದು. ಅವತ್ತು ತಟ್ಟಿದರು. ಒಬ್ಬರು ಶುರು ಮಾಡಿದರು, ಆಮ್ಯಾಲ ಎಲ್ಲಾರೂ. ನಮ್ಮ ಮನ್ಯಾವರೂ ತಟ್ಟಲಿಕತ್ತಿದ್ದರು. ಅಧ್ಯಕ್ಷರು ನನ್ನ ಬೆನ್ನ ಮ್ಯಾಲ ಕೈ ಇಟ್ಟು, “ಈಗ ಗುರುವಿನ ಹೆಸರಿಲೆ ಒಂದು ಪದ ಹಾಡವಾ” ಅಂದರು.

“ನನಗ ಆಗಂಗಿಲ್ಲ” ಅಂದೆ. ಸ್ಟೇಜ್ ಇಳದು, ಸಾಲು ಹಿಡದು ಕುಂತ ಮಂದಿ ನಡುವಿಂದ ಬಾಗಲಿಗೆ ಬಂದು, ಚಪ್ಪಲಿ ಮೆಟ್ಟಿಕೊಂಡೆ. ಹಿಂದ ಯಾರೋ ಹೆಣ್ಮಗಳು ಇನ್ನೊಬ್ಬಾಕಿಗೆ ಹೇಳಲಿಕತ್ತಿದ್ದಳು:

“ಪಾಪ, ಮಾಸ್ತರ್ರನ್ನ ಭಾಳ ಹಚ್ಚಿಕೊಂಡಿದ್ದಳು.”